ತಪ್ಪು ಮಾಡಿ ಸೆರೆಯಲ್ಲಿರುವ ಮಗನಿಗಾಗಿ ಬೇಡಬಹುದೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆಗೆ ಬಂದವರು ಐವತ್ತು ದಾಟಿದ ತಾಯಿ. ಮಗ ಕುಡಿದು ವಾಹನ ಓಡಿಸಿ ಒಬ್ಬರ ಸಾವಿಗೆ ಕಾರಣನಾಗಿದ್ದ. ಶಿಕ್ಷೆಯಾದ ಮೇಲೆ ಆಕೆ ಅವನನ್ನು ನೋಡಲು ಹೋಗಿಲ್ಲ, ಪ್ರಾರ್ಥನಾ ಕೂಟವನ್ನೂ ಬಿಟ್ಟಿದ್ದಾರೆ. "ನಿರಪರಾಧಿಯಾಗಿದ್ದರೆ ದೇವರ ಮುಂದೆ ಅಳುತ್ತಿದ್ದೆ. ತಪ್ಪು ಮಾಡಿದವನಿಗಾಗಿ ಯಾವ ಮುಖ ಹೊತ್ತು ಬೇಡಲಿ?" ಎಂಬುದು ಅವರ ಪ್ರಶ್ನೆ.

ಮೊದಲ ಭೇಟಿಯಲ್ಲಿ ಬೈಬಲಿನ ವಚನ ಓದಲಿಲ್ಲ. ವಿಮೋಚನಕಾಂಡ 2:23–25ರಲ್ಲಿ ದೇವರು ಮೊದಲು ಐಗುಪ್ತದಲ್ಲಿ ದಾಸರಾಗಿದ್ದ ಇಸ್ರಾಯೇಲರ ನರಳಾಟವನ್ನು ಕೇಳುತ್ತಾನೆ, ನೋಡುತ್ತಾನೆ. ಅವರನ್ನು ಬಿಡಿಸಲು ಮೋಶೆಯನ್ನು ಕರೆಯುವುದು ಆಮೇಲೆ. ಸಲಹೆಗೂ ಅದೇ ಕ್ರಮ. ನಿದ್ದೆ, ಊಟ ವಿಚಾರಿಸಿ, ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಲಾಯಿತು. ಅಂಥ ಯೋಚನೆ ಇರಲಿಲ್ಲ, ಆದರೆ ನಿದ್ದೆ ಪೂರ್ತಿ ಕೆಟ್ಟಿತ್ತು. ವೈದ್ಯರನ್ನು ಕಾಣಲು ಹೇಳಲಾಯಿತು.

ಸಭೆಯವರು (ಚರ್ಚಿನವರು) ಯೋಸೇಫನ ಕಥೆ ಹೇಳಿ ಧೈರ್ಯ ತುಂಬಿದ್ದರು. ಅದೇ ಅವರನ್ನು ಹೆಚ್ಚು ನೋಯಿಸಿತ್ತು. ಯೋಸೇಫ ತಪ್ಪು ಮಾಡದೆ ಸೆರೆಗೆ ಹೋದವನು. ಇವರ ಮಗ ಹಾಗಲ್ಲ. ಅದಕ್ಕೆ ಎರಡನೆಯ ಭೇಟಿಯಲ್ಲಿ ಕೀರ್ತನೆ 107:10–16 ತೆರೆದೆವು. ಅಲ್ಲಿ ಕಬ್ಬಿಣದ ಬೇಡಿಯಲ್ಲಿರುವವರು ದೇವರ ಮಾತಿಗೆ ತಿರುಗಿಬಿದ್ದವರೇ. ಆದರೂ ಅವರು ಕೂಗಿದಾಗ ಆತ ಕಿವಿಗೊಟ್ಟ. ಅವರು ತಿರುಗಿಬಿದ್ದದ್ದನ್ನು ಹೇಳುವ 11ನೆಯ ವಚನದ ನಂತರ ಸ್ವಲ್ಪ ನಿಲ್ಲಿಸಬೇಕು, ಅದನ್ನು ಹಾರಿಸಿದರೆ ಈ ಭಾಗಕ್ಕೆ ಬಲವೇ ಇರುವುದಿಲ್ಲ. ಎರಡನೆಯ ಪೂರ್ವಕಾಲವೃತ್ತಾಂತ 33ರ ಮನಸ್ಸೆಯನ್ನೂ ಓದಿದೆವು: ಸ್ವಂತ ಮಕ್ಕಳನ್ನೇ ಬೆಂಕಿಗೆ ಕೊಟ್ಟ ಅರಸ, ಬಾಬೆಲಿನಲ್ಲಿ ಸಂಕೋಲೆ ತೊಟ್ಟು ಬೇಡಿಕೊಂಡಾಗ ಅವನ ಮೊರೆಯೂ ದೇವರಿಗೆ ಮುಟ್ಟಿತು.

"ಹಾಗಾದರೆ ಬಿಡುಗಡೆ ಆಗುತ್ತದೆಯೇ?" ಎಂದರು. ಆ ಭರವಸೆ ಕೊಡಲಿಲ್ಲ, ಕೊಡಲೂಬಾರದು. ಅಪೊಸ್ತಲರ ಕೃತ್ಯಗಳು 12ರಲ್ಲಿ ಯೇಸುವಿನ ಶಿಷ್ಯ ಪೇತ್ರ ಸೆರೆಯಿಂದ ಹೊರಬಂದ. ಅದೇ ಅಧ್ಯಾಯದಲ್ಲಿ ಇನ್ನೊಬ್ಬ ಶಿಷ್ಯ ಯಾಕೋಬ ಕತ್ತಿಗೆ ಬಲಿಯಾದ. ಯೇಸುವಿನ ಪಕ್ಕದ ಶಿಲುಬೆಯ ಮೇಲಿನ ಕಳ್ಳನಿಗೆ ಪರದೈಸಿನ (ಸ್ವರ್ಗದ) ಮಾತು ಸಿಕ್ಕಿತು, ಶಿಲುಬೆಯಿಂದ ಇಳಿಸಲಿಲ್ಲ. ದೇವರ ಕನಿಕರವೂ ನ್ಯಾಯಾಲಯದ ಶಿಕ್ಷೆಯೂ ಒಟ್ಟಿಗೇ ಇರಬಹುದೆಂದು ತಿಳಿದಾಗಲೇ ಅವರ ಅಳು ಹೊರಬಂತು.

ಕೊಟ್ಟ ಸಲಹೆ ಇಷ್ಟು. ಪ್ರಾರ್ಥನೆಗೆ ಮಾತು ಬಾರದ ರಾತ್ರಿ ಕೀರ್ತನೆ 88ನ್ನು ಗಟ್ಟಿಯಾಗಿ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಸಮಾಧಾನದ ವಚನ ಹುಡುಕಿ ಅದಕ್ಕೆ ಜೋಡಿಸಬೇಡಿ. ಮಗನಿಗೆ ವಾರಕ್ಕೊಂದು ಪುಟದ ಪತ್ರ ಬರೆಯಿರಿ: ಮನೆಯ ಸುದ್ದಿ, ಅವನ ನೆನಪು, ಅವನು ಉತ್ತರಿಸಬಲ್ಲ ಒಂದು ಪ್ರಶ್ನೆ. "ಯಾಕೆ ಹೀಗೆ ಮಾಡಿದೆ?" ಎಂಬುದು ಮೊದಲ ಪತ್ರದಲ್ಲಿ ಬೇಡ. ಭೇಟಿಯ ನಿಯಮಗಳನ್ನು ಸೆರೆಮನೆಯಲ್ಲಿ ಮೊದಲೇ ವಿಚಾರಿಸಿ. ಬಾಗಿಲಲ್ಲಿ ತಿರಸ್ಕಾರವಾದರೆ ಎರಡನೆಯ ಸಲ ಹೋಗುವ ಮನಸ್ಸು ಬರುವುದಿಲ್ಲ. ಜೊತೆಗೆ ಬರಲು ಸಭೆಯಲ್ಲಿ ನಂಬುವ ಇಬ್ಬರನ್ನು ಮಾತ್ರ ಕೇಳಿ. ಸೆರೆಯಲ್ಲಿರುವವರನ್ನು ಜೊತೆ ಸೆರೆಯವರಂತೆ ನೆನೆಯಿರಿ ಎಂಬ ಇಬ್ರಿಯ 13:3 ಅವರಿಗೂ ಅನ್ವಯಿಸುತ್ತದೆ. ತೀರಿಕೊಂಡವರ ಮನೆಯವರಿಗಾಗಿಯೂ ಪ್ರಾರ್ಥಿಸಿ, ಆದರೆ ಅವರ ಬಳಿ ಕ್ಷಮೆ ಕೇಳಿಕೊಂಡು ಹೋಗಬೇಡಿ. ಅವರ ನೋವನ್ನೂ ದೇವರು ನೋಡುತ್ತಿದ್ದಾನೆ, ಅವರ ಕಾಲ ಅವರದ್ದು.

ಮೂರನೆಯ ಭೇಟಿಗೆ ಬರುವಾಗ ಮೊದಲ ಪತ್ರ ಹೋಗಿತ್ತು. ಸದ್ಯ ಹದಿನೈದು ದಿನಕ್ಕೊಮ್ಮೆ ಮಾತುಕತೆ ಮುಂದುವರಿದಿದೆ. ಮುಂದಿನ ಸಲ ಸೆರೆಮನೆಯ ಮೊದಲ ಭೇಟಿಗೆ ತಯಾರಿ.