ನಿಜಾಮರ ಸೀಮೆಗೆ ಇಂಗ್ಲಿಷರು ಯಾವ ದಾರಿಯಿಂದ ಬಂದರು?

ಪ್ರಶ್ನೆ: ಸರ್, ನಮ್ಮ ಕಲಬುರಗಿ, ಬೀದರ್, ಯಾದಗಿರಿ ಭಾಗ ನಿಜಾಮರ ಕೈಯಲ್ಲಿತ್ತು, ಬ್ರಿಟಿಷರ ಕೈಯಲ್ಲಿ ಅಲ್ಲ. ಹಾಗಾದರೆ ನಾವು ಸಾಮ್ರಾಜ್ಯಶಾಹಿಗೆ ಒಳಗಾಗಿರಲಿಲ್ಲವೆ? ಬಹಮನಿಗಳು ರಾಜ್ಯ ವಿಸ್ತರಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?
– ಪದವಿ ವಿದ್ಯಾರ್ಥಿನಿ, ಶಹಾಪುರ

ಉತ್ತರ: ಒಳಗಾಗಿದ್ದೆವು ತಂಗಿ, ಧ್ವಜ ಮಾತ್ರ ಬೇರೆಯದು. ಪರೀಕ್ಷೆಗೆ ಕಚ್ಚಾ ಮಾಲು, ಮಾರುಕಟ್ಟೆ, ಬಂಡವಾಳ, ಪೈಪೋಟಿ ಎಂದು ಕಾರಣಗಳನ್ನು ಬಾಯಿಪಾಠ ಮಾಡುತ್ತೀರಿ. ಅವು ಸುಳ್ಳಲ್ಲ. ಆದರೆ ನಮ್ಮ ಸೀಮೆಯಲ್ಲಿ ಮೊದಲು ಕೆಲಸ ಮಾಡಿದ್ದು ಸೈನ್ಯದ ಖರ್ಚು ಮತ್ತು ಸಾಲ.

ಮರಾಠರ ಭಯದಲ್ಲಿದ್ದ ನಿಜಾಮರು 1798ರಲ್ಲಿ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿದರು. ಕಾವಲು ಈಸ್ಟ್ ಇಂಡಿಯಾ ಕಂಪನಿಯದು, ಸಂಬಳ ನಿಜಾಮರದು. ಎರಡೇ ವರ್ಷಕ್ಕೆ, ಅಂದರೆ 1800ರಲ್ಲಿ, ಆ ಖರ್ಚಿಗೆಂದು ಬಳ್ಳಾರಿ, ಕಡಪ ಸೀಮೆಗಳನ್ನೇ ಬಿಟ್ಟುಕೊಡಬೇಕಾಯಿತು. ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ಪಾಲಾಗಿ ಬಂದಿದ್ದ ನೆಲ ಅದು! ಅಷ್ಟಕ್ಕೇ ನಿಲ್ಲಲಿಲ್ಲ. ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ‘ಹೈದರಾಬಾದ್ ಕಂಟಿಂಜೆಂಟ್’ ಎಂಬ ಇನ್ನೊಂದು ಪಡೆ ಬೆಳೆಯಿತು, ಅದರ ಸಂಬಳವೂ ನಿಜಾಮರ ಖಜಾನೆಯಿಂದಲೇ. ಖಜಾನೆ ಬರಿದಾದಾಗ ಹೈದರಾಬಾದಿನ ಲೇವಾದೇವಿ ಸಂಸ್ಥೆ ಪಾಮರ್ ಕಂಪನಿಯಂಥವರು ಭಾರೀ ಬಡ್ಡಿಗೆ ಸಾಲ ಕೊಟ್ಟರು. ಬಾಕಿ ತೀರದೆ 1853ರಲ್ಲಿ ಹತ್ತಿಯ ನಾಡು ಬೇರಾರ್ (ಈಗಿನ ಮಹಾರಾಷ್ಟ್ರದ ಪಶ್ಚಿಮ ವಿದರ್ಭ), ಜೊತೆಗೆ ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ದೋಆಬ್ ಮತ್ತು ನಳದುರ್ಗ ಕಂಪನಿಯ ಆಡಳಿತಕ್ಕೆ ಹೋದವು. ಒಂದು ಗುಂಡೂ ಹಾರಲಿಲ್ಲ.

ಗುಂಡು ಹಾರಿದ್ದು ನಿಮ್ಮ ಪಕ್ಕದ ಸುರಪುರದಲ್ಲಿ. ಅಲ್ಲಿ ರಾಜ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ಮೆಡೋಸ್ ಟೇಲರ್ ಎಂಬ ಅಧಿಕಾರಿ ಆಡಳಿತ ನೋಡಿಕೊಂಡ. ಊರ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನದೇ. ಟೇಲರ್ ಒಳ್ಳೆಯ ಆಡಳಿತಗಾರ ಎಂಬ ಮಾತಿದೆ, ಇರಬಹುದು. ಆದರೂ ಅವನು ಅಲ್ಲಿದ್ದುದೇ ಪ್ರಶ್ನೆ. 1858ರಲ್ಲಿ ರಾಜ ದಂಗೆ ಎದ್ದು ಸೋತ, ಸೆರೆಯಲ್ಲಿ ಗುಂಡೇಟಿನಿಂದ ಸತ್ತ. 1860ರ ಒಪ್ಪಂದದಲ್ಲಿ ಸುರಪುರ ನಿಜಾಮರಿಗೆ ಬಂತು, ದೋಆಬ್ ಮರಳಿತು, 50 ಲಕ್ಷ ರೂಪಾಯಿ ಸಾಲವೂ ಮಾಫಿಯಾಯಿತು. 1857ರ ದಂಗೆಯ ಕಾಲದಲ್ಲಿ ನಿಜಾಮರು ಕಂಪನಿಯ ಜೊತೆ ನಿಂತದ್ದಕ್ಕೆ ಉಡುಗೊರೆ. ಬೇರಾರ್ ಮಾತ್ರ ಬರಲಿಲ್ಲ, 1902ರಲ್ಲಿ ವರ್ಷಕ್ಕೆ 25 ಲಕ್ಷದ ಕಾಯಂ ಗುತ್ತಿಗೆಯಾಯಿತು. ಹತ್ತಿಯನ್ನು ಯಾರು ಬಿಡುತ್ತಾರೆ?

ನಿಮ್ಮ ಬಂಡವಾಳದ ಕಾರಣ ಬರುವುದು ಈಗ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡಿತು. ಅದನ್ನು ಆಮೇಲೆ ವಹಿಸಿಕೊಂಡದ್ದು ಲಂಡನ್ನಿನಲ್ಲಿ ಹಣ ಎತ್ತಿದ ಕಂಪನಿ. ಲಾಭ ಬರದಿದ್ದರೂ ಷೇರುದಾರರಿಗೆ ಬಡ್ಡಿ ತಪ್ಪದಂತೆ ಖಾತರಿ ಕೊಟ್ಟದ್ದು ನಿಜಾಮ ಸರ್ಕಾರ.

ಬಹಮನಿಗಳಿಗೂ ಹಸಿವಿತ್ತು. ದೋಆಬಿನ ಕಂದಾಯಕ್ಕಾಗಿ ವಿಜಯನಗರದೊಡನೆ ತಲೆಮಾರುಗಟ್ಟಲೆ ಬಡಿದಾಡಿದರು, ಕುದುರೆ ವ್ಯಾಪಾರದ ಬಂದರೆಂದು ಅವರ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಗೋವೆ ಹಿಡಿದ. ಅವರೇನೂ ಸಾಧುಗಳಲ್ಲ. ಆದರೆ ವಸೂಲಾದ ಹಣ ಕಲಬುರಗಿಯಲ್ಲಿ, ಆಮೇಲೆ ಬೀದರಿನಲ್ಲಿ ಕೋಟೆ, ಮಸೀದಿ, ಮದರಸಾ ಆಗಿ ಇಲ್ಲೇ ಖರ್ಚಾಯಿತು. ಗವಾನನ ಮದರಸಾ ಬೀದರಿನಲ್ಲಿ ಈಗಲೂ ಅರ್ಧ ನಿಂತಿದೆ. ಬೇರಾರಿನ ಹತ್ತಿ ಮುಂಬಯಿ ಬಂದರಿನಿಂದ ಹಡಗು ಹತ್ತಿತು.