ಯುರೋಪಿನ ಷೆಂಗೆನ್ ವೀಸಾದಲ್ಲಿ ಇನ್ನೂ 10 ದಿನ ಬಾಕಿ ಇದೆ. ಪ್ಯಾರಿಸ್‌ನಿಂದ ಲಂಡನ್‌ಗೆ ಹೋಗಿ ವಾಪಸ್ ಬರಬಹುದಾ?

ಸಿಂಗಲ್ ಎಂಟ್ರಿ ವೀಸಾ ಆಗಿದ್ದರೆ ಬರಲು ಆಗುವುದಿಲ್ಲ. ದಿನಗಳ ಲೆಕ್ಕ ಬೇರೆ, ಒಳಗೆ ಬರುವ ಸಲದ ಲೆಕ್ಕ ಬೇರೆ.

ಷೆಂಗೆನ್‌ನ 29 ದೇಶಗಳು ವೀಸಾ ಮಟ್ಟಿಗೆ ಒಂದೇ ಮನೆ ಇದ್ದ ಹಾಗೆ. ಪ್ಯಾರಿಸ್‌ನಿಂದ ರೋಮ್‌ಗೆ, ಜ್ಯೂರಿಕ್‌ಗೆ ಹೋದರೆ ಕೋಣೆಯಿಂದ ಕೋಣೆಗೆ ಹೋದಂತೆ, ಅಷ್ಟೇ. ಲಂಡನ್ ಆ ಮನೆಯ ಹೊರಗಿದೆ. ಹೊಸಿಲು ದಾಟಿದಿರೋ, ನಿಮ್ಮ ಒಂದು ಪ್ರವೇಶ ಮುಗಿಯಿತು. ಉಳಿದ 10 ದಿನ ಸುಮ್ನೆ ಹೋಗುತ್ತವೆ.

ವೀಸಾ ಸ್ಟಿಕ್ಕರ್‌ನಲ್ಲಿ ಪ್ರವೇಶಗಳ ಸಂಖ್ಯೆ ನೋಡಿ: 01 ಇದ್ದರೆ ಒಂದೇ ಸಲ, ‘ಮಲ್ಟ್’ ಎಂದಿದ್ದರೆ ಹಲವು ಸಲ. ಆಗಲೂ 180 ದಿನಗಳಲ್ಲಿ 90ಕ್ಕಿಂತ ಜಾಸ್ತಿ ಇರುವಂತಿಲ್ಲ.

01 ಇದ್ದರೆ ಲಂಡನ್ ಅನ್ನು ಪ್ರವಾಸದ ಕೊನೆಗೆ ಇಟ್ಟುಕೊಂಡು, ಅಲ್ಲಿಂದಲೇ ಊರಿಗೆ ಹೊರಡಿ. ಬ್ರಿಟನ್ ವೀಸಾ ಬೇರೆ ಬೇಕು, ಮರೆಯಬೇಡಿ.