ಕ್ಯಾಟ್ ಮತ್ತೊಮ್ಮೆ ಬರೆಯುವ ಕುರಿತು

ಶಿರಸಿಯ ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುತ್ತಿರುವ ನೀವು, ಐಐಎಂನಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನಲ್ಲಿ ಒಟ್ಟು 88 ಪರ್ಸೆಂಟೈಲ್ (ಅಂದರೆ ಬರೆದ ನೂರರಲ್ಲಿ ಸುಮಾರು 88 ಮಂದಿಗಿಂತ ಮೇಲೆ) ಬಂದರೂ ಗಣಿತದಲ್ಲಿ 61ಕ್ಕೆ ನಿಂತಿದ್ದರಿಂದ, ಕೆಲಸ ಬಿಟ್ಟು ಮತ್ತೆ ಬರೆಯಲೇ ಎಂದು ಕೇಳಿದ್ದೀರಿ. ಬರೆಯಿರಿ, ಆದರೆ ಕೆಲಸ ಬಿಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಐಐಎಂಗಳು ಒಟ್ಟು ಪರ್ಸೆಂಟೈಲ್ ಜೊತೆಗೆ ಪ್ರತಿ ವಿಭಾಗದಲ್ಲೂ ಕನಿಷ್ಠ ಮಟ್ಟವನ್ನು ನೋಡುವುದರಿಂದ, ನಿಮಗೆ ದೊಡ್ಡ ತೊಡಕಾಗಿರುವುದು ಗಣಿತವೊಂದೇ. ಮೂರೂ ವಿಭಾಗಗಳಲ್ಲಿ ಹಿಂದೆ ಬಿದ್ದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು.

ನಿಮ್ಮ ಉತ್ತರಗಳ ಪ್ರತಿಯನ್ನು ತೆರೆದು ಗಣಿತದ ತಪ್ಪುಗಳನ್ನು ಒಂದೊಂದಾಗಿ ನೋಡಿ. ಸರಿಯುತ್ತರಕ್ಕೆ 3 ಅಂಕ. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆ ತಪ್ಪಿದರೆ 1 ಅಂಕ ಕಡಿತ. ಉತ್ತರ ಟೈಪ್ ಮಾಡುವ ಪ್ರಶ್ನೆಗೆ ಕಡಿತವಿಲ್ಲ. 40 ನಿಮಿಷದ ಒತ್ತಡದಲ್ಲಿ ಊಹಿಸಿ ಗುರುತು ಹಾಕಿ ಅಂಕ ಕಳೆದುಕೊಂಡಿದ್ದರೆ, ಸಮಯವಿಟ್ಟು ಮಾದರಿ ಪರೀಕ್ಷೆ ಬರೆಯುತ್ತ ಅದನ್ನು ತಿದ್ದಿಕೊಳ್ಳಬಹುದು. ಶೇಕಡಾ, ಅನುಪಾತ, ಬೀಜಗಣಿತವೇ ಗಟ್ಟಿಯಿಲ್ಲದಿದ್ದರೆ ಬುಡದಿಂದಲೇ ಓದಬೇಕಾಗುತ್ತದೆ, ಆದರೆ ಅದಕ್ಕೂ ಸೊಸೈಟಿಗೆ ಹೊರಡುವ ಮುನ್ನ ದಿನವೂ ಬೆಳಗಿನ ಎರಡು ತಾಸು ಸಾಲುತ್ತದೆ, ಏಕೆಂದರೆ ಪರೀಕ್ಷೆ ಸಾಮಾನ್ಯವಾಗಿ ನವೆಂಬರ್ ಕೊನೆಗೆ ಇರುತ್ತದೆ. ಬೆಂಗಳೂರಿನ ಐಐಎಂ ಆಯ್ಕೆಯಲ್ಲಿ ಕೆಲಸದ ಅನುಭವಕ್ಕೂ ಬೆಲೆಯಿದೆ. ಮನೆಯವರ ಸಮಾಧಾನಕ್ಕೆ ರಾಜ್ಯದ ಕಾಲೇಜುಗಳ ಎಂಬಿಎ ಪ್ರವೇಶಕ್ಕಿರುವ ಪಿಜಿಸಿಇಟಿ ಪರೀಕ್ಷೆಯನ್ನೂ ತಪ್ಪದೆ ಬರೆಯಿರಿ.